ಕಡಲಿನ ಬಿಸಿ ನೋಡಿ ಮಲೆನಾಡಿನ ಮಳೆಗೆ ತಯಾರಾಗುವುದು ಹೇಗೆ?

ಏಪ್ರಿಲ್ ಬಂತೆಂದರೆ ನಮ್ಮ ಕಡೆ ಎರಡೇ ಮಾತು. ಒಂದು ಸೆಕೆ. ಇನ್ನೊಂದು, "ಈ ವರ್ಷ ಮಳೆ ಹೇಗಂತೆ ಮಾರಾಯ್ರೆ?" ಸೊಸೈಟಿ ಕಟ್ಟೆಯ ಮೇಲೆ, ಮದುವೆ ಮನೆಯ ಪಂಕ್ತಿಯಲ್ಲಿ, ತೀರ್ಥಹಳ್ಳಿ ಬಸ್ಸಿನಲ್ಲಿ ಇದೇ ಪ್ರಶ್ನೆ. ಅಷ್ಟರಲ್ಲಿ ಯಾರೋ ಮೊಬೈಲ್ ತೆಗೆದು "ಎಲ್ ನಿನೊ ಅಂತೆ, ಬರ ಗ್ಯಾರಂಟಿ" ಅನ್ನುತ್ತಾರೆ. ಕೇಳಿದವರಲ್ಲಿ ಅರ್ಧ ಜನ ಹೆದರುತ್ತಾರೆ, ಉಳಿದರ್ಧ ಜನ "ಎಲ್ಲ ಸುಳ್ಳು" ಅಂತ ಎದ್ದು ಹೋಗುತ್ತಾರೆ.

2023ರಲ್ಲಿ ನಾನು ಎರಡೂ ಮಾಡಿದೆ. ಮೇ ತಿಂಗಳಲ್ಲಿ ಹೆದರಿದೆ. ಜೂನ್‌ನಲ್ಲಿ ಮಳೆ ತಡವಾದಾಗ ಇನ್ನೂ ಹೆದರಿದೆ. ಜುಲೈಯಲ್ಲಿ ಹಳ್ಳ ತುಂಬಿ ಹರಿದಾಗ ಎಲ್ ನಿನೊ ಮಾತು ಸುಳ್ಳಾಯಿತು ಅಂತ ಸಮಾಧಾನಪಟ್ಟು, ಮಕ್ಕಿಗದ್ದೆಗೂ (ಮಳೆಯನ್ನೇ ನಂಬಿದ ಎತ್ತರದ ಗದ್ದೆ) ದೀರ್ಘಾವಧಿ ಭತ್ತವನ್ನೇ ನಾಟಿ ಮಾಡಿಸಿದೆ. ಆಗಸ್ಟ್‌ನಲ್ಲಿ ಮಳೆ ನಿಂತೇ ಹೋಯಿತು. ಮಖ ಮಳೆ ಮುಗಿಯುವ ಹೊತ್ತಿಗೆ ಮಕ್ಕಿಗದ್ದೆಯ ಬಿರುಕಿನಲ್ಲಿ ನನ್ನ ಕೈಬೆರಳು ಪೂರ್ತಿ ಇಳಿಯುತ್ತಿತ್ತು. ಆ ವರ್ಷದ ಆಗಸ್ಟ್ ಇಡೀ ದೇಶಕ್ಕೆ 1901ರಿಂದ ಈಚೆಗೆ ಅತಿ ಒಣ ಆಗಸ್ಟ್ ಆಗಿತ್ತು. ಮಳೆ ಕೊರತೆ 36 ಶೇಕಡಾ. ಕರ್ನಾಟಕದಲ್ಲಿ ಕೊನೆಗೆ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಬೇಕಾಯಿತು.

ಸುದ್ದಿ ಸುಳ್ಳಾಗಿರಲಿಲ್ಲ. ಅದನ್ನು ಓದುವುದು ನನಗೆ ಗೊತ್ತಿರಲಿಲ್ಲ. ಆಮೇಲೆ ಕೂತು ಕಲಿತೆ. ನಾಲ್ಕಾರು ತಿಂಗಳು, ವಾರಕ್ಕೆ ಹದಿನೈದು ನಿಮಿಷ ಕೊಟ್ಟರೆ ಯಾರಾದರೂ ಕಲಿಯಬಹುದು. ಹೇಗೆ ಅಂತ ಹೇಳುತ್ತೇನೆ.

ಮೊದಲು: ಕಡಲಿಗೂ ನಮ್ಮ ಗದ್ದೆಗೂ ಏನು ಸಂಬಂಧ?

ಬಚ್ಚಲ ಹಂಡೆಯನ್ನು ನೆನಪು ಮಾಡಿಕೊಳ್ಳಿ. ಒಲೆ ಎಲ್ಲಿ ಉರಿಯುತ್ತದೋ ಅಲ್ಲಿ ಹಬೆ ಏಳುತ್ತದೆ. ಭೂಮಿಯ ನಡುಪಟ್ಟಿಯಲ್ಲಿರುವ ಕಡಲೂ ಹಾಗೆಯೇ. ನೀರು ಸುಮಾರು 28 ಡಿಗ್ರಿ ದಾಟಿದ ಕಡೆ ಗಾಳಿ ಮೇಲೇರಿ ದೊಡ್ಡ ಮೋಡ ಕಟ್ಟುವುದು ಸುಲಭ. ಮೇಲೇರಿದ ಗಾಳಿ ಎಲ್ಲೋ ಒಂದು ಕಡೆ ಕೆಳಗಿಳಿಯಲೇಬೇಕು. ಇಳಿಯುವ ಕಡೆ ಮೋಡ ಏಳಲು ಬಿಡುವುದಿಲ್ಲ, ಮಳೆ ಕಡಿಮೆ.

ಮಾಮೂಲಿ ವರ್ಷದಲ್ಲಿ ಪೆಸಿಫಿಕ್ ಸಾಗರದ ಬಿಸಿನೀರು ಇಂಡೋನೇಷ್ಯಾ ಪಕ್ಕ ಇರುತ್ತದೆ. ಪೂರ್ವದಿಂದ ಬೀಸುವ ಗಾಳಿ ಅದನ್ನು ಅಲ್ಲಿಗೆ ತಳ್ಳಿ ಇಟ್ಟಿರುತ್ತದೆ. ಕೆಲವು ವರ್ಷ ಆ ಗಾಳಿ ಸೋಲುತ್ತದೆ. ಬಿಸಿನೀರು ಪೂರ್ವಕ್ಕೆ, ಪೆಸಿಫಿಕ್‌ನ ನಡುಭಾಗಕ್ಕೆ ಮತ್ತು ಪೆರು ದೇಶದ ಕಡೆಗೆ ಸರಿಯುತ್ತದೆ. ಒಲೆಯ ಜಾಗ ಬದಲಾಯಿತು. ಗಾಳಿ ಏಳುವ ಜಾಗವೂ ಬದಲಾಯಿತು. ಇಂಡೋನೇಷ್ಯಾ, ಭಾರತದ ಕಡೆ ಗಾಳಿ ಇಳಿಯುವ ಸಂಭವ ಜಾಸ್ತಿಯಾಗುತ್ತದೆ. ಇದೇ ಎಲ್ ನಿನೊ. ಕ್ರಿಸ್‌ಮಸ್ ಆಸುಪಾಸಿನಲ್ಲಿ ನೀರು ಬಿಸಿಯಾಗುತ್ತಿದ್ದುದನ್ನು ಕಂಡು ಪೆರುವಿನ ಮೀನುಗಾರರು ಬಾಲ ಏಸುವಿನ ನೆನಪಿಗೆ ಇಟ್ಟ ಹೆಸರು ಅದು. ಇದರ ತಿರುವುಮುರುವು, ಅಂದರೆ ಅದೇ ಜಾಗ ತಣ್ಣಗಾದರೆ, ಲಾ ನಿನಾ.

ದೂರದ ಪೆಸಿಫಿಕ್‌ಗೂ ನಮ್ಮ ಮಳೆಗೂ ಇರುವ ನಂಟನ್ನು ಹುಡುಕುವ ಕೆಲಸ ನಮ್ಮ ದೇಶದಲ್ಲೇ ಬೆಳೆಯಿತು ಅನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರ್, ಮುಂಗಾರು ಯಾವಾಗ ಕೈಕೊಡುತ್ತದೆ ಅಂತ ತಿಳಿಯಲು ಪ್ರಪಂಚದ ಬೇರೆ ಬೇರೆ ಊರುಗಳ ಗಾಳಿಯ ಒತ್ತಡದ ಲೆಕ್ಕಗಳನ್ನು ಹೋಲಿಸಿದರು. ಪೆಸಿಫಿಕ್‌ನ ಒಂದು ಕಡೆ ಒತ್ತಡ ಏರಿದರೆ ಇನ್ನೊಂದು ಕಡೆ ಇಳಿಯುತ್ತದೆ, ತಕ್ಕಡಿಯ ಹಾಗೆ ಅಂತ ಅವರಿಗೆ ಕಂಡಿತು.

ಹೆಜ್ಜೆ 1: ನಿಮ್ಮ ಮನೆಯ ಮಳೆ ಅಳೆಯಿರಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಎಲ್ಲರೂ ಬಿಡುವ ಹೆಜ್ಜೆ ಇದೇ.

ಮುನ್ಸೂಚನೆಯಲ್ಲಿ "ಸರಾಸರಿಯ 94 ಶೇಕಡಾ ಮಳೆ" ಅಂತ ಬರುತ್ತದೆ. ಯಾರ ಸರಾಸರಿ? ಅದು ಇಡೀ ದೇಶದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 87 ಸೆಂಟಿಮೀಟರ್. ನಮ್ಮ ಜಿಲ್ಲೆಯೊಳಗೇ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಸುರಿಯುತ್ತದೆ. ಅಲ್ಲಿಂದ ಎರಡು ಗಂಟೆ ಬಸ್ಸಿನಲ್ಲಿ ಬಂದರೆ ಶಿವಮೊಗ್ಗ, ಇಲ್ಲಿ ಸಾವಿರದ ಆಸುಪಾಸು. ಅಲ್ಲಿ 20 ಶೇಕಡಾ ಕಡಿಮೆಯಾದರೂ ಇನ್ನೂ ಐದು ಸಾವಿರದ ಮೇಲೆ ಉಳಿಯುತ್ತದೆ. ಶಿಕಾರಿಪುರದ ಕಡೆ ಮೆಕ್ಕೆಜೋಳ ಹಾಕಿದವರಿಗೆ ಅದೇ 20 ಶೇಕಡಾ ಬೆಳೆಯನ್ನೇ ನುಂಗಬಹುದು. ನಿಮ್ಮ ಜಾಗ ಈ ಎರಡರ ನಡುವೆ ಎಲ್ಲಿದೆ ಅಂತ ನಿಮಗೇ ಗೊತ್ತಿರಬೇಕು.

ತಳ ಸಮವಾಗಿರುವ, ಬಾಯಿಯಿಂದ ಬುಡದವರೆಗೆ ಒಂದೇ ಅಗಲ ಇರುವ ಡಬ್ಬಿ ಸಾಕು. ಬಯಲಲ್ಲಿ ಇಡಿ. ಮನೆಯ ಸೂರು, ಅಡಿಕೆ ಮರ ಎರಡರಿಂದಲೂ ದೂರ ಇರಲಿ, ಅವುಗಳ ಎತ್ತರದ ಎರಡರಷ್ಟು ದೂರವಾದರೆ ಒಳ್ಳೆಯದು. ಬೆಳಿಗ್ಗೆ 8.30ಕ್ಕೆ ಸ್ಕೇಲು ಅದ್ದಿ ನೋಡಿ ಬರೆಯಿರಿ. ಹವಾಮಾನ ಇಲಾಖೆ ಅಳೆಯುವುದೂ ಅದೇ ಹೊತ್ತಿಗೆ. ನಮ್ಮ ಹಿರಿಯರಿಗೆ ಇಂಚಿನ ಲೆಕ್ಕ, ಪತ್ರಿಕೆಗೆ ಮಿಲಿಮೀಟರ್ ಲೆಕ್ಕ. ಒಂದು ಇಂಚು ಅಂದರೆ 25.4 ಮಿಲಿಮೀಟರ್.

ಘಟ್ಟದ ಅಂಚಿನವರಿಗೆ ಒಂದು ಮಾತು. ಡಬ್ಬಿ ಎತ್ತರದ್ದೇ ಇರಲಿ. 2019ರ ಆಗಸ್ಟ್ ಮೊದಲ ವಾರ ನಮ್ಮದು ಸಣ್ಣ ಡಬ್ಬಿ. ಬೆಳಿಗ್ಗೆ ಕೊಡೆ ಹಿಡಿದು ಹೋಗಿ ನೋಡಿದರೆ ಬಾಯಿವರೆಗೆ ತುಂಬಿ ಚೆಲ್ಲುತ್ತಾ ಇತ್ತು. ರಾತ್ರಿ ಎಷ್ಟು ಬಿತ್ತೋ ಇವತ್ತಿಗೂ ಗೊತ್ತಿಲ್ಲ. ನೋಟ್‌ಬುಕ್ಕಿನಲ್ಲಿ ಆ ದಿನದ ಎದುರು "ತುಂಬಿ ಚೆಲ್ಲಿದೆ" ಅಂತ ಮಾತ್ರ ಇದೆ. ಅಷ್ಟು ಮುಖ್ಯವಾದ ದಿನದ ಲೆಕ್ಕವೇ ಕೈತಪ್ಪಿತಲ್ಲ ಅಂತ ಬೇಜಾರು. ಜೋರು ಮಳೆಯ ದಿನ ಸಂಜೆಯೂ ಒಮ್ಮೆ ಅಳೆದು ಖಾಲಿ ಮಾಡಿ.

ಹಳೆಯ ಲೆಕ್ಕ ಬೇಕಿದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಅವರ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಮಳೆಯ ಮುನ್ಸೂಚನೆ ಕೇಳಬಹುದು.

ಹೆಜ್ಜೆ 2: ನಕ್ಷೆಯ ಬಣ್ಣಕ್ಕೆ ಮೋಸ ಹೋಗಬೇಡಿ

ಇಂಟರ್‌ನೆಟ್‌ನಲ್ಲಿ ಕಡಲಿನ ನಕ್ಷೆ ಎರಡು ತರಹ ಸಿಗುತ್ತದೆ. ಒಂದರಲ್ಲಿ ನೀರು ಎಷ್ಟು ಡಿಗ್ರಿ ಬಿಸಿ ಇದೆ ಅಂತ ತೋರಿಸುತ್ತಾರೆ. ಇನ್ನೊಂದರಲ್ಲಿ ಆ ತಿಂಗಳ ಮಾಮೂಲಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಅಂತ. ನಮಗೆ ಬೇಕಾದ್ದು ಎರಡನೆಯದು. ಅದರಲ್ಲಿ ಕೆಂಪು ಅಂದರೆ "ಮಾಮೂಲಿಗಿಂತ ಬಿಸಿ", ನೀಲಿ ಅಂದರೆ "ಮಾಮೂಲಿಗಿಂತ ತಂಪು". ನೀಲಿ ಇದ್ದ ಮಾತ್ರಕ್ಕೆ ನೀರು ತಣ್ಣಗಿದೆ ಅಂತಲ್ಲ. ಇಂಡೋನೇಷ್ಯಾ ಪಕ್ಕದ ನೀರು ನೀಲಿ ಕಂಡರೂ 28 ಡಿಗ್ರಿ ಇರಬಹುದು.

ಅರ್ಧ ಡಿಗ್ರಿ, ಒಂದು ಡಿಗ್ರಿ ವ್ಯತ್ಯಾಸ ಏನು ಮಹಾ ಅನ್ನಿಸುತ್ತದೆ ಅಲ್ವಾ? ಆದರೆ ಅಷ್ಟು ಬಿಸಿಯಾಗಿರುವುದು ಒಂದು ಹಂಡೆ ನೀರಲ್ಲ, ಸಾವಿರಾರು ಕಿಲೋಮೀಟರ್ ಅಗಲದ ಕಡಲು. ಅದರಿಂದ ಏಳುವ ಹಬೆ ಗಾಳಿಯ ದಾರಿಯನ್ನೇ ತಿರುಗಿಸುತ್ತದೆ.

ಹೆಜ್ಜೆ 3: ಮೇ ಕೊನೆಗೆ ಪೆಸಿಫಿಕ್ ನೋಡಿ, ಮಾರ್ಚ್‌ನಲ್ಲಿ ಅಲ್ಲ

ಪೆಸಿಫಿಕ್‌ನ ನಡುವೆ, ಸಮಭಾಜಕದ ಎರಡೂ ಪಕ್ಕ ಒಂದು ಪಟ್ಟಿ ಇದೆ. ಅದಕ್ಕೆ "ನಿನೊ 3.4" ಅನ್ನುತ್ತಾರೆ. ಅಲ್ಲಿಯ ಉಷ್ಣಾಂಶ ಮಾಮೂಲಿಗಿಂತ 0.5 ಡಿಗ್ರಿ ಹೆಚ್ಚಾಗಿ ಹಲವು ತಿಂಗಳು ಹಾಗೇ ನಿಂತರೆ ಎಲ್ ನಿನೊ. 0.5 ಕಡಿಮೆಯಾಗಿ ನಿಂತರೆ ಲಾ ನಿನಾ. 1.5 ದಾಟಿದರೆ ಜೋರಿನ ಎಲ್ ನಿನೊ. ಅಮೆರಿಕದ ಹವಾಮಾನ ಸಂಸ್ಥೆ ಪ್ರತಿ ತಿಂಗಳ ಎರಡನೇ ಗುರುವಾರ ಇದರ ವರದಿ ಕೊಡುತ್ತದೆ. ಅದರಲ್ಲಿ ಈ ಒಂದು ಸಂಖ್ಯೆ ನೋಡಿದರೆ ಸಾಕು.

ನೋಡುವ ಕಾಲ ಮುಖ್ಯ. ಫೆಬ್ರವರಿ, ಮಾರ್ಚ್, ಏಪ್ರಿಲ್‌ನಲ್ಲಿ ಪೆಸಿಫಿಕ್ ಯಾವ ಕಡೆ ವಾಲುತ್ತದೆ ಅಂತ ಹೇಳುವುದು ವಿಜ್ಞಾನಿಗಳಿಗೂ ಕಷ್ಟ. ಆಗ ಹಳೆಯದು ಮುಗಿಯುತ್ತಿರುತ್ತದೆ, ಹೊಸದು ಹುಟ್ಟಿರುವುದಿಲ್ಲ. ಹಾಗಾಗಿ ಯುಗಾದಿ ಹೊತ್ತಿಗೆ ಓಡಾಡುವ "ಈ ಸಲ ಭಾರೀ ಬರ" ಸುದ್ದಿಗೆ ಬೀಜ ಬದಲಿಸಬೇಡಿ. ನಮ್ಮ ಹವಾಮಾನ ಇಲಾಖೆಯೂ ಏಪ್ರಿಲ್‌ನಲ್ಲಿ ಒಮ್ಮೆ ಹೇಳಿ, ಮೇ ಕೊನೆಗೆ ಅದನ್ನು ತಿದ್ದಿ ಹೇಳುತ್ತದೆ. ಆ ಎರಡನೆಯದನ್ನು ಕೇಳಿ.

ಇನ್ನು ಎಲ್ ನಿನೊ ಬಂತು ಅಂತಲೇ ಇಟ್ಟುಕೊಳ್ಳಿ. 1972, 1982, 1987, 2002, 2009, 2015. ಈ ಬರದ ವರ್ಷಗಳೆಲ್ಲ ಎಲ್ ನಿನೊ ವರ್ಷಗಳೇ. ಆದರೆ ಎಲ್ಲ ಎಲ್ ನಿನೊ ವರ್ಷವೂ ಬರ ತಂದಿಲ್ಲ. 1997ರಲ್ಲಿ ಆ ಶತಮಾನದ ಅತಿ ಜೋರಿನ ಎಲ್ ನಿನೊಗಳಲ್ಲಿ ಒಂದು ಬಂತು, ದೇಶದ ಮಳೆ ಸರಾಸರಿಗಿಂತ ಸ್ವಲ್ಪ ಹೆಚ್ಚೇ ಆಯಿತು. 2002ರಲ್ಲಿ ಅದಕ್ಕಿಂತ ಎಷ್ಟೋ ಸಣ್ಣದು ಬಂತು, ಮಳೆ 81 ಶೇಕಡಾಕ್ಕೆ ಇಳಿಯಿತು. ಬಿಸಿ ಎಲ್ಲಿದೆ ಅನ್ನುವುದೂ ಇದಕ್ಕೆ ಒಂದು ಕಾರಣ. ಪೆಸಿಫಿಕ್‌ನ ನಡುಭಾಗ ಜಾಸ್ತಿ ಬಿಸಿಯಾದರೆ ನಮಗೆ ಪೆಟ್ಟು ಜಾಸ್ತಿ. ಪೆರು ಕಡೆಯ ತುದಿ ಜಾಸ್ತಿ ಬಿಸಿಯಾದರೆ ಅಷ್ಟಿಲ್ಲ. ಇನ್ನೊಂದು ಕಾರಣ ನಮ್ಮ ಹತ್ತಿರದ ಕಡಲಿನಲ್ಲೇ ಇದೆ.

ಹೆಜ್ಜೆ 4: ಜುಲೈಯಿಂದ ಹಿಂದೂ ಮಹಾಸಾಗರದ ಎರಡು ದಡ ಹೋಲಿಸಿ

ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಆಫ್ರಿಕಾ ಕಡೆ, ಪೂರ್ವ ಭಾಗ ಸುಮಾತ್ರಾ ಕಡೆ. ಪಶ್ಚಿಮ ಬಿಸಿಯಾಗಿ ಪೂರ್ವ ತಂಪಾದರೆ ಅದಕ್ಕೆ ಧನಾತ್ಮಕ ಐಒಡಿ (ಇಂಡಿಯನ್ ಓಷನ್ ಡೈಪೋಲ್) ಅನ್ನುತ್ತಾರೆ. ಎರಡರ ವ್ಯತ್ಯಾಸ 0.4 ಡಿಗ್ರಿ ದಾಟಿ ಹಾಗೇ ನಿಂತರೆ ಲೆಕ್ಕಕ್ಕೆ ಬಂತು. ಸಾಮಾನ್ಯವಾಗಿ ಇದು ನಮ್ಮ ಮುಂಗಾರಿಗೆ ಒಳ್ಳೆಯದು. ಇದರ ತಿರುವುಮುರುವು ಋಣಾತ್ಮಕ. 1999ರಲ್ಲಿ ಸಾಜಿ ಮತ್ತು ಯಮಗಾಟ ಅನ್ನುವ ವಿಜ್ಞಾನಿಗಳು ತಮ್ಮ ಸಂಗಡಿಗರ ಜೊತೆ ಇದನ್ನು ಗುರುತಿಸಿ ಬರೆದರು. 1997ರಲ್ಲಿ ನಮ್ಮ ಮಳೆ ಉಳಿದದ್ದರಲ್ಲಿ ಇದರ ಕೈವಾಡ ಇತ್ತು ಅಂತ ಆಮೇಲೆ ಗೊತ್ತಾಯಿತು.

ಇದರ ತೊಡಕು ಏನೆಂದರೆ ಇದು ತಡವಾಗಿ ಬಲಿಯುತ್ತದೆ. 2019ನ್ನು ನೋಡಿ. ಜೂನ್‌ನಲ್ಲಿ ದೇಶಕ್ಕೆ 33 ಶೇಕಡಾ ಕೊರತೆ. ಆರಿದ್ರೆ ಮಳೆಯೂ ಜೋರಾಗಲಿಲ್ಲ, "ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ" ಅಂತ ಎಲ್ಲರೂ ತಲೆ ಮೇಲೆ ಕೈ ಹೊತ್ತರು. ಆಗಸ್ಟ್‌ನಲ್ಲಿ ಮಲೆನಾಡಿನ ಗುಡ್ಡಗಳು ಕುಸಿಯುವಷ್ಟು ಮಳೆ. ಸೆಪ್ಟೆಂಬರ್‌ನಲ್ಲೂ ಬಿಡಲಿಲ್ಲ. ಕೊನೆಗೆ ಆ ಮುಂಗಾರು 110 ಶೇಕಡಾಕ್ಕೆ ಮುಟ್ಟಿತು. ಆ ವರ್ಷದ ಧನಾತ್ಮಕ ಐಒಡಿ ತುಂಬಾ ಜೋರಿನದು. ಹಾಗಾಗಿ ಜೂನ್‌ನಲ್ಲೇ ಇದನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಜುಲೈಯಿಂದ ಹದಿನೈದು ದಿನಕ್ಕೊಮ್ಮೆ ನೋಡಿ. ಆಸ್ಟ್ರೇಲಿಯಾದ ಹವಾಮಾನ ಇಲಾಖೆಯ ಪುಟದಲ್ಲಿ ಪೆಸಿಫಿಕ್, ಐಒಡಿ ಎರಡೂ ಸಿಗುತ್ತವೆ.

ಹೆಜ್ಜೆ 5: ಅರಬ್ಬಿ ಸಮುದ್ರ

ಮಲೆನಾಡಿಗೆ ಬರುವ ನೀರಿನ ಹಾದಿ ಇದೇ. ಏಪ್ರಿಲ್-ಮೇನಲ್ಲಿ ಕೇರಳ, ಲಕ್ಷದ್ವೀಪದ ಪಕ್ಕ ನೀರು 30 ಡಿಗ್ರಿ ಮುಟ್ಟುತ್ತದೆ. ಮುಂಗಾರು ಹುಟ್ಟುವ ಮೊದಲಿನ ಕಾವು ಅದು. ಆದರೆ ಅದೇ ಕಾವು ಚಂಡಮಾರುತಕ್ಕೂ ಹೊಟ್ಟೆಪಾಡು. 2023ರ ಜೂನ್‌ನಲ್ಲಿ ಬಿಪೊರ್‌ಜಾಯ್ ಚಂಡಮಾರುತ ಎದ್ದು, ಹತ್ತು ದಿನಕ್ಕೂ ಹೆಚ್ಚು ಕಾಲ ಕಡಲಲ್ಲೇ ಸುತ್ತಾಡಿ ಗುಜರಾತ್ ಸೇರಿತು. ತೇವವನ್ನೆಲ್ಲ ತನ್ನ ಕಡೆ ಎಳೆದುಕೊಂಡಿತು. ಆ ಸಲ ಮುಂಗಾರು ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ, ಬಂದಮೇಲೂ ಸೊರಗಿಯೇ ಇತ್ತು. ಮೇ ಕೊನೆ, ಜೂನ್ ಮೊದಲಿಗೆ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಅಂತ ಸುದ್ದಿ ಬಂದರೆ ಮೊದಲ ಮಳೆ ನೆಚ್ಚಿ ಸಸಿಮಡಿ ಹಾಕುವ ಮೊದಲು ಒಂದು ವಾರ ಕಾಯಿರಿ.

ಮಳೆಗಾಲ ಹಿಡಿದ ಮೇಲೆ ಜೋರು ಗಾಳಿಗೆ ನೀರು ಕದಡಿ ಅರಬ್ಬಿ ಸಮುದ್ರ ತಂಪಾಗುತ್ತದೆ. ಇದು ಪ್ರತಿ ವರ್ಷದ ಕತೆ. "ಸಮುದ್ರ ತಂಪಾಯಿತು, ಇನ್ನು ಮಳೆ ಇಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹೆಜ್ಜೆ 6: ಮೂರನ್ನೂ ಸೇರಿಸಿ, ಆಮೇಲೆ ತೋಟಕ್ಕೆ ಇಳಿಯಿರಿ

ನಾನು ಜೂನ್ 15ರ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುತ್ತೇನೆ. ಪೆಸಿಫಿಕ್ ಬಿಸಿ, ಹಿಂದೂ ಮಹಾಸಾಗರ ಸುಮ್ನೆ ಇದೆ ಅಂದರೆ "ಹುಷಾರು". ಪೆಸಿಫಿಕ್ ಬಿಸಿ, ಐಒಡಿ ಧನಾತ್ಮಕ ಅಂದರೆ "ಹೇಳೋಕಾಗಲ್ಲ". ಪೆಸಿಫಿಕ್ ತಂಪು ಅಂದರೆ "ನೀರು ಜಾಸ್ತಿ ಬರಬಹುದು". ಜುಲೈ ಕೊನೆಗೆ ಅದನ್ನೇ ತೆಗೆದು ಮತ್ತೆ ತಿದ್ದುತ್ತೇನೆ. ಇದಕ್ಕಿಂತ ಜಾಣತನ ಬೇಕಿಲ್ಲ.

"ಹುಷಾರು" ಅಂದರೆ ಮಳೆಯೇ ಬರುವುದಿಲ್ಲ ಅಂತಲ್ಲ. ಮಲೆನಾಡಿನಲ್ಲಿ ಮಳೆ ಬಂದೇ ಬರುತ್ತದೆ, ಪಶ್ಚಿಮದ ಗಾಳಿ ಗುಡ್ಡಕ್ಕೆ ಬಡಿದು ಮೇಲೇರಲೇಬೇಕು. ನಮಗೆ ಹೊಡೆತ ಕೊಡುವುದು ನಡುವಿನ ಬಿಡುವು. 2023ರ ಮುಂಗಾರಿನ ಒಟ್ಟು ಲೆಕ್ಕ 94 ಶೇಕಡಾ, ಕಾಗದದ ಮೇಲೆ ನೋಡಿದರೆ ಗಾಬರಿ ಬೀಳುವಂಥದ್ದೇನಿಲ್ಲ. ಆದರೆ ಆಶ್ಲೇಷ, ಮಖ ಎರಡೂ ಒಣಗಿದವು. ತೆನೆ ಕಟ್ಟುವ ಮೊದಲೇ ಗದ್ದೆ ಬಿರಿಯಿತು. ಹಾಗಾಗಿ "ಹುಷಾರು" ವರ್ಷಕ್ಕೆ ನನ್ನ ಪಟ್ಟಿ ಇಷ್ಟು. ಮಕ್ಕಿಗದ್ದೆಗೆ ಕಡಿಮೆ ಅವಧಿಯ ಭತ್ತ, ನೀರು ನಿಲ್ಲುವ ತಗ್ಗಿನ ಗದ್ದೆಗೆ ಮಾತ್ರ ದೀರ್ಘಾವಧಿಯದು. ಮೆಕ್ಕೆಜೋಳ ಒಂದೇ ದಿನ ಪೂರ್ತಿ ಬಿತ್ತದೆ ಹತ್ತು-ಹದಿನೈದು ದಿನ ಬಿಟ್ಟು ಎರಡು ಕಂತು. ಜುಲೈಯಲ್ಲಿ ಹಳ್ಳ ತುಂಬಿ ಹರಿಯುವಾಗಲೇ ಕೆರೆ, ಕೃಷಿ ಹೊಂಡ ತುಂಬಿಸಿಕೊಳ್ಳುವುದು. ಕಾಲುವೆಗೆ ಬಿದ್ದ ದರಕು (ಒಣ ಎಲೆ) ಜೂನ್‌ನಲ್ಲೇ ಎತ್ತಿರಬೇಕು, ಇಲ್ಲದಿದ್ದರೆ ನೀರು ಪಕ್ಕದಲ್ಲೇ ಹರಿದು ಹೋಗುತ್ತದೆ. ನನಗೆ ಆದದ್ದೂ ಅದೇ.

ಒಂದು ತಪ್ಪು ಮಾತ್ರ ಯಾರೂ ಮಾಡಬೇಡಿ. ಮಳೆ ಕಡಿಮೆಯಂತೆ ಅಂತ ಅಡಿಕೆಗೆ ಔಷಧಿ ಹೊಡೆಯುವುದನ್ನು ಬಿಡಬೇಡಿ. ಕೊಳೆ ರೋಗಕ್ಕೆ ಬೇಕಾದ್ದು ಒಟ್ಟು ಇಂಚಲ್ಲ. ಮಳೆ, ನಡುವೆ ಬಿಸಿಲು, ಮತ್ತೆ ಮಳೆ, ಸುತ್ತ ತೇವ. ಈ ಹದ ಎಲ್ ನಿನೊ ವರ್ಷದ ಜುಲೈಯಲ್ಲೂ ಸಿಗುತ್ತದೆ. ಇದಕ್ಕೆ ಹೊಡೆಯುವ ಔಷಧಿ ಬೋರ್ಡೋ ದ್ರಾವಣ. ಒಂದು ಶೇಕಡಾ ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮುಂಗಾರು ಹಿಡಿಯುವ ಮೊದಲೇ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಕಲಸಿದ ಮೇಲೆ ಹೊಳೆಯುವ ಕಬ್ಬಿಣದ ಕತ್ತಿ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಹದ ಬಂದಿಲ್ಲ, ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ನೋಡಿ.

"ನೀರು ಜಾಸ್ತಿ" ವರ್ಷಕ್ಕೆ ಕೆಲಸ ಬೇರೆ. ತೋಟದ ಬಸಿಗಾಲುವೆ ಮೇ ತಿಂಗಳಲ್ಲೇ ಬಿಡಿಸಿ. ಶುಂಠಿ ಪಟ್ಟೆ ಎತ್ತರಿಸಿ. ಕಾಳುಮೆಣಸಿನ ಬುಡದಲ್ಲಿ ನೀರು ನಿಲ್ಲದ ಹಾಗೆ ನೋಡಿ, ಸೊರಗು ರೋಗ ಅಲ್ಲಿಂದಲೇ ಶುರು.

ಹೆಜ್ಜೆ 7: ದಿನದ ಕೆಲಸಕ್ಕೆ ಕಡಲು ನೋಡಬೇಡಿ

ನಾಳೆ ಔಷಧಿ ಹೊಡೆಯಲೋ ಬೇಡವೋ ಅಂತ ಪೆಸಿಫಿಕ್ ಹೇಳುವುದಿಲ್ಲ. ಅದಕ್ಕೆ ಬೇರೆ ದಾರಿ ಇದೆ. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರದ ಅಂದಾಜು ಕೊಡುತ್ತದೆ. ಮಂಗಳವಾರ, ಶುಕ್ರವಾರ ರೈತರಿಗೆ ಅಂತಲೇ ಜಿಲ್ಲಾವಾರು ಸಲಹೆ ಬರುತ್ತದೆ, ಮೇಘದೂತ್ ಆ್ಯಪ್‌ನಲ್ಲಿ ಕನ್ನಡದಲ್ಲೇ ಓದಬಹುದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಮಳೆಗಾಲದಲ್ಲಿ ಸುದ್ದಿ ಬಂದರೆ ನಮ್ಮ ಗುಡ್ಡದ ಕಡೆ ಪಶ್ಚಿಮದ ಗಾಳಿ ಬಿರುಸಾಗುವುದು ಸಾಮಾನ್ಯ. ಆ ಎರಡು-ಮೂರು ದಿನ ಔಷಧಿ ಕಲಸಬೇಡಿ.

ಹೆಜ್ಜೆ 8: ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ನೋಡಿ

ಮುಂಗಾರು ಮುಗಿದ ಮೇಲೆ ಕಡಲಿನ ಕಡೆ ತಿರುಗಿಯೂ ನೋಡದವರೇ ಜಾಸ್ತಿ. ಅಡಿಕೆ ಬೆಳೆಗಾರರಿಗೆ ನಿಜವಾಗಿ ಉಪಯೋಗ ಆಗುವುದು ಈಗ. ಎಲ್ ನಿನೊ ಬಲಿಯುವುದು ನವೆಂಬರ್-ಜನವರಿಯಲ್ಲಿ. ಮುಂಗಾರಿಗೆ ಕೆಟ್ಟದಾದ ಅದೇ ಎಲ್ ನಿನೊ ದಕ್ಷಿಣ ಭಾರತದ ಹಿಂಗಾರಿಗೆ ಸಾಮಾನ್ಯವಾಗಿ ಮಳೆ ಹೆಚ್ಚಿಸುತ್ತದೆ. ಧನಾತ್ಮಕ ಐಒಡಿಯೂ ಜೊತೆಗಿದ್ದರೆ ಇನ್ನೂ ಜಾಸ್ತಿ. ಅಂದರೆ ಆಗಸ್ಟ್‌ನಲ್ಲಿ ಗದ್ದೆ ಒಣಗಿಸಿದ ವರ್ಷವೇ ಅಡಿಕೆ ಗೊನೆ ಕೊಯ್ಲಿನ ಹೊತ್ತಿಗೆ ಅಂಗಳಕ್ಕೆ ನೀರು ಹೊಯ್ಯಬಹುದು. ಲಾ ನಿನಾ ಇದ್ದರೆ ಹಿಂಗಾರು ಕಡಿಮೆ ಅನ್ನುವುದು ಲೆಕ್ಕ. ಆದರೆ ಲಾ ನಿನಾ ಇದ್ದ 2021ರ ನವೆಂಬರ್‌ನಲ್ಲಿ ರಾಜ್ಯದಲ್ಲೆಲ್ಲ ಕೊಯ್ದ ಭತ್ತ ಗದ್ದೆಯಲ್ಲೇ ಮೊಳಕೆ ಬರುವಷ್ಟು ಮಳೆಯಾಯಿತು. ಆ ವರ್ಷದ ಪಾಠ ನನಗೆ ಇನ್ನೂ ನೆನಪಿದೆ.

ಹಾಗಾಗಿ ಸೆಪ್ಟೆಂಬರ್ ಕೊನೆಗೆ ನಿನೊ 3.4 ಬಿಸಿಯ ಕಡೆ, ಐಒಡಿ ಧನಾತ್ಮಕದ ಕಡೆ ವಾಲಿದ್ದರೆ ನಾನು ಹೀಗೆ ಮಾಡುತ್ತೇನೆ. ಕೊನೆಗಾರನಿಗೆ (ಅಡಿಕೆ ಗೊನೆ ಕೊಯ್ಯುವವನಿಗೆ) ಒಂದೇ ಸಲ ಇಡೀ ತೋಟ ಕೊಯ್ಯಲು ಹೇಳುವುದಿಲ್ಲ. ಎರಡು ದಿನದಲ್ಲಿ ಸುಲಿದು ಬೇಯಿಸಿ ಮುಗಿಸಲು ಆಗುವಷ್ಟೇ ಕೊಯ್ಲು. ಚಪ್ಪರದ ಮೇಲೆ ಹರಡುವ ಮೊದಲು ಗುರುವಾರದ ಅಂದಾಜು ನೋಡುವುದು. ಬೇಯಿಸಿದ ಅಡಿಕೆಗೆ ಮೊದಲ ಮೂರು ದಿನದ ಬಿಸಿಲು ಸಿಕ್ಕರೆ ಬಣ್ಣ ಉಳಿಯುತ್ತದೆ, ಆಗ ಮಳೆ ನೀರು ತಾಗಿದರೆ ಬೂಸ್ಟು ಹಿಡಿದು ಮಂಡಿಯಲ್ಲಿ ದರ ಬೀಳುತ್ತದೆ. ಟಾರ್ಪಾಲು ದಸರಾ ಮೊದಲೇ ಬಿಚ್ಚಿ ತೂತು ನೋಡಿಡುವುದು. ಡ್ರೈಯರ್ ಇದ್ದವರು ಕಟ್ಟಿಗೆಯನ್ನು ಸೆಪ್ಟೆಂಬರ್‌ನ ಬಿಸಿಲಲ್ಲೇ ಒಣಗಿಸಿ ಕೊಟ್ಟಿಗೆಯ ಅಟ್ಟಕ್ಕೆ ಹಾಕಿಡಿ, ಹಿಂಗಾರು ಹಿಡಿದ ಮೇಲೆ ಹಸಿ ಕಟ್ಟಿಗೆ ಉರಿಯುವುದಿಲ್ಲ.